ಹಾರ್ನಿನ ಬಾಯಿಗೆ ತುರುಕಿದ ಬಟ್ಟೆ

ನಮ್ಮಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಜನ ಆಡಿಕೊಳ್ಳುತ್ತಾರೆ. ಇರಲಿ ಬಿಡಿ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ಮ್ಯಾನೇಜರನ ಕೊರಳಪಟ್ಟಿ ಹಿಡಿದೇ ಕೇಳುತ್ತಿದ್ದೆ.

ಅಕ್ಕ ಗ್ಯಾಸಿನಿಂದ ಕರೆಂಟು ತೆಗೆಯುವ ಸ್ಥಾವರದಲ್ಲಿ ಇಂಜಿನಿಯರ್. ಟರ್ಬೈನಿನ ಉರಿ ಹದಗೊಳಿಸುವುದು ಅವಳ ಕೆಲಸ. ಹೊಗೆಯ ವಿಷ ತಗ್ಗಲೆಂದು ಗ್ಯಾಸಿಗೆ ಗಾಳಿ ಹೆಚ್ಚು ಬೆರೆಸಿ ಉರಿಸುತ್ತಾರೆ. ಅಂಥ ತೆಳು ಉರಿ ನಡುಗುತ್ತದೆ. ನಡುಗಿದರೆ ಸದ್ದು ಏಳುತ್ತದೆ. ಆ ಸದ್ದು ಒಲೆಯ ಗೋಡೆಗೆ ಬಡಿದು ಮರಳಿ ಬಂದು ಉರಿಯನ್ನೇ ಇನ್ನಷ್ಟು ನಡುಗಿಸುತ್ತದೆ. ಎರಡಕ್ಕೂ ತಾಳ ಕೂಡಿತೋ, ಲೋಹವೇ ಬಿರಿಯುತ್ತದೆ. ಚಳಿಯಲ್ಲಿ ಗಾಳಿ ದಟ್ಟವಾಗುವುದರಿಂದ ಈ ಗುಂಯ್ ಸದ್ದು ಹೆಚ್ಚು; ಮಿತಿ ದಾಟಿದರೆ ಅಲಾರಂ ಹಾರ್ನ್ ಕೂಗುತ್ತದೆ. ಹಾಗಾಗಿ ಚಳಿಗೆ ಮೊದಲು ಲೋಡ್ ಇಳಿಸಿ, ಅಂದರೆ ಕರೆಂಟು ಕಡಿಮೆ ತೆಗೆದು, ಉರಿಯನ್ನು ಹೊಸದಾಗಿ ಹೊಂದಿಸಬೇಕು.

ಆ ವರ್ಷ ಮ್ಯಾನೇಜರ್ ಬಿಡಲಿಲ್ಲ. "ಈಗ ಲೋಡ್ ಇಳಿಸೋಕಾಗಲ್ಲ ಮೇಡಂ. ಅಲಾರಂ ಮಿತಿ ಸ್ವಲ್ಪ ಏರಿಸಿ, ಮುಗೀತು."

"ಜ್ವರ ಬಂದ್ರೆ ಥರ್ಮಾಮೀಟರ್ ತಿದ್ತೀರಾ ಸರ್?" ಎಂದಳು ಅಕ್ಕ. ಮಿತಿಯನ್ನು ತಾನೂ ಮುಟ್ಟಲಿಲ್ಲ, ಬೇರೆಯವರಿಗೂ ಮುಟ್ಟಗೊಡಲಿಲ್ಲ.

ಚಳಿ ಬಿತ್ತು. ಕಂಟ್ರೋಲ್ ರೂಮಿನ ಗೋಡೆಯ ಹಾರ್ನ್ ದಿನವಿಡೀ ಬಡಿದುಕೊಳ್ಳತೊಡಗಿತು. ಅಲ್ಲಿನವರು ಅದಕ್ಕೆ 'ಮೇಡಂ ಬಾಯಿ' ಎಂದು ಹೆಸರಿಟ್ಟರು. ಕ್ಯಾಂಟೀನಿನಲ್ಲಿ ಅವಳು ಕೂತ ಮೇಜಿಗೆ ಯಾರೂ ಬರುತ್ತಿರಲಿಲ್ಲ. ಅಲ್ಲೇ ಆಪರೇಟರ್ ಆಗಿದ್ದ ಭಾವನಿಗೆ ಇದನ್ನೆಲ್ಲ ಕೇಳಿ ಕೇಳಿ ಸಾಕಾಗಿಹೋಗಿತ್ತು.

ಒಂದು ಬೆಳಿಗ್ಗೆ ಹಾರ್ನ್ ಸುಮ್ಮನಾಯಿತು. ಪರದೆಯಲ್ಲಿ ಕೆಂಪು ಮಿನುಗುತ್ತಲೇ ಇತ್ತು. ಆದರೆ ಅಲ್ಲಿನವರಿಗೆ ಕಿವಿಯನ್ನು ನಂಬಿ ಕೂರುವ ರೂಢಿ, ಯಾರೂ ಅತ್ತ ನೋಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬರ್ನರಿನ ಚೂರೊಂದು ಮುರಿದು ಟರ್ಬೈನಿನೊಳಗೆ ನುಗ್ಗಿ ರೆಕ್ಕೆಗಳನ್ನೆಲ್ಲ ಜಜ್ಜಿ ಹಾಕಿತು. ಯಾರಿಗೂ ಏನೂ ಆಗಲಿಲ್ಲ, ಅದೊಂದು ಪುಣ್ಯ.

ಅಕ್ಕ ಓಡಿ ಬಂದು ಹಾರ್ನಿನೊಳಗೆ ಕೈ ಹಾಕಿದಳು. ನೀಲಿ ಚೌಕಳಿಯ ಬಟ್ಟೆ ಹೊರಬಂತು. ಬೆಳಿಗ್ಗೆ ಭಾವನ ಊಟದ ಡಬ್ಬಿಗೆ ಅವಳೇ ಕಟ್ಟಿಕೊಟ್ಟದ್ದು.

"ಎಲ್ರೂ ನಿನ್ನ ಬೈಯೋದನ್ನ ಕೇಳೋಕಾಗ್ಲಿಲ್ಲ ಕಣೇ," ಎಂದರು ಭಾವ.

"ಬೈಸ್ಕೊಳ್ತಿದ್ದೋಳು ನಾನು. ನಿಮಗ್ಯಾಕೆ ಬೇಕಿತ್ತು?"

ವಿಚಾರಣೆಗೆ ಕೂತವರು ಬಟ್ಟೆ ಯಾರದೆಂದು ಕೇಳಿದರು. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಗಂಡನ ಕೆಲಸ ಉಳಿಯುತ್ತಿತ್ತು. ಹಾಗೆ ಮಾಡೆಂದು ಹಿಂದಿನ ಸಂಜೆ ನಾನೂ ಕೈಮುಗಿದು ಬೇಡಿದ್ದೆ.

"ನಮ್ಮನೇದು ಸರ್," ಎಂದಳು. "ನಮ್ಮೆಜಮಾನ್ರೇ ತುರುಕಿದ್ದು. ಉರಿ ಹೊಂದಿಸೋಕೆ ಬಿಡದೆ ಇದ್ದೋರು ನಿಮ್ಮ ಪಕ್ಕದಲ್ಲೇ ಕೂತಿದಾರೆ."

ಮೊದಲ ಮಾತನ್ನು ಬರೆದುಕೊಂಡರು, ಎರಡನೆಯದಕ್ಕೆ ಕಿವುಡಾದರು. ಭಾವ ಕೆಲಸ ಕಳೆದುಕೊಂಡು ಮನೆಗೆ ಬಂದರು. ಮ್ಯಾನೇಜರ್ ಅದೇ ಕುರ್ಚಿಯಲ್ಲಿದ್ದಾನೆ; ನೆನೆದರೆ ಇವತ್ತಿಗೂ ನನ್ನ ಮೈಯೆಲ್ಲ ಉರಿಯುತ್ತದೆ.

ಈಗ ಅಡುಗೆ ಭಾವನದು. ಮೊದಲ ದಿನ ಅಕ್ಕನ ಡಬ್ಬಿಗೆ ಬೇರೆ ಬಟ್ಟೆ ಕಟ್ಟಿದ್ದರು. ಅವಳು ಬಿಚ್ಚಿ ಎಸೆದು ಆ ನೀಲಿಯದನ್ನೇ ಕಟ್ಟಿಸಿಕೊಂಡು ಹೋದಳು. ಕ್ಯಾಂಟೀನಿನಲ್ಲಿ ಮ್ಯಾನೇಜರ್ ಎಲ್ಲಿ ಕೂತರೂ ಎದುರಿಗೆ ಹೋಗಿ ಕೂತು, ಅವನ ತಟ್ಟೆಯ ಪಕ್ಕಕ್ಕೇ ಆ ಬಟ್ಟೆ ಹಾಸಿ ಊಟ ಮಾಡುತ್ತಾಳೆ. ಅವನಿಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲವಂತೆ.

ಇಳಿಯದೇ ಇರಲಿ.