ಒಂದು ಕಬ್ಬಿಣ, ಒಂದು ಕಟ್ಟಿಗೆ

“ಕಬ್ಬಿನ ಹೊರೆಯೊಳಗೆ ಬಂದೂಕು ಬಚ್ಚಿಟ್ಟು ಸಂಡೂರು ಗುಡ್ಡದ ದರೋಡೆಕೋರರಿಗೆ ಮಾರುತ್ತಿದ್ದ, ಸಿಕ್ಕಿಬಿದ್ದ, ಜೈಲಿನಲ್ಲೇ ಸತ್ತ.” ನನ್ನ ಸೋದರಮಾವನನ್ನು ಕುರಿತು ಕಂಪ್ಲಿಯ ಕಟ್ಟೆಗಳ ಮೇಲೆ ಇಂದಿಗೂ ಕೇಳಿಬರುವ ಮಾತು ಇದು. ಸಿಕ್ಕಿಬಿದ್ದದ್ದು ನಿಜ, ಸತ್ತದ್ದು ನಿಜ. ಉಳಿದದ್ದನ್ನು ನಾನು ಒಪ್ಪುವುದಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ನಮ್ಮ ನೆಂಟರಲ್ಲೇ ಕೆಲವರು ಕಥೆಯಿಂದ ದರೋಡೆಕೋರರನ್ನು ಎಬ್ಬಿಸಿ ಆ ಜಾಗದಲ್ಲಿ ದೇಶಭಕ್ತರನ್ನು ಕೂಡಿಸಿದರು. ಅದನ್ನೂ ನಾನು ಒಪ್ಪಿಲ್ಲ. ಮಾವ ಕಬ್ಬು ಬೆಳೆಯುತ್ತಿದ್ದ. ಯಾವ ಸಭೆಗೂ ಹೋದವನಲ್ಲ.

ಬಂದೂಕು ಅವನ ತಂದೆಯದು, ಅಂದರೆ ನನ್ನ ಅಜ್ಜನದು. ಬಾಯಿಂದ ಮದ್ದು ತುಂಬುವ ಹಳೆಯ ಕೋವಿ. ಹೊಳೆದಂಡೆಯ ಕಬ್ಬಿಗೆ ನುಗ್ಗುವ ಕಾಡುಹಂದಿಗಳನ್ನು ಓಡಿಸಲು ಮದ್ರಾಸ್ ಸರ್ಕಾರ ಅಜ್ಜನಿಗೆ ಪರವಾನಗಿ ಕೊಟ್ಟಿತ್ತು. ಆ ಪರವಾನಗಿ ಮನೆಗೆ ಕೊಟ್ಟದ್ದಲ್ಲ, ಮನುಷ್ಯನಿಗೆ ಕೊಟ್ಟದ್ದು. ಅಜ್ಜ ತೀರಿಕೊಂಡಾಗ ಅದೂ ತೀರಿತು. ಮಾವ ತನ್ನ ಹೆಸರಿಗೆ ಬರೆಸಿಕೊಳ್ಳಲು ಅಲೆದ. ಖಾದಿ ಟೋಪಿ ಕಂಡರೆ ಪೊಲೀಸರು ಬೆದರುತ್ತಿದ್ದ ಕಾಲ. ಹೊಸ ಕೈಗೆ ಬಂದೂಕು ಕೊಡಲು ಅಧಿಕಾರಿಗಳಿಗೆ ಮನಸ್ಸಿರಲಿಲ್ಲ. ಠಾಣೆಗೆ ಒಪ್ಪಿಸು ಎಂದರು. ಠಾಣೆಯ ಮೂಲೆ ಸೇರಿದ ಕೋವಿಗಳು ತುಕ್ಕಿಗೆ ತುತ್ತಾಗುವುದನ್ನು ಊರೆಲ್ಲ ಬಲ್ಲದು. ಪ್ರತಿ ಆಯುಧಪೂಜೆಗೆ ಆ ಕೋವಿಯನ್ನು ತೊಳೆದು, ಕುಂಕುಮ ಹಚ್ಚಿ, ಅದಕ್ಕೆ ಅಡ್ಡಬಿದ್ದು ಬೆಳೆದವನಿಗೆ ಅದು ಒಗ್ಗದ ಮಾತಾಯಿತು.

ಸಂಡೂರಿನಲ್ಲಿ ಅವನ ತಂಗಿ ಇದ್ದಳು, ನನಗೆ ಚಿಕ್ಕಮ್ಮ. ಕರಡಿಗಳ ಕಾಟಕ್ಕಾಗಿ ಅಲ್ಲಿನ ಸಂಸ್ಥಾನ ಅವಳ ಗಂಡನಿಗೆ ಬಂದೂಕು ಇಟ್ಟುಕೊಳ್ಳಲು ಅನುಮತಿ ಕೊಟ್ಟಿತ್ತು. ಕೋವಿ ಅಲ್ಲಿಗೆ ಹೋಗಲಿ, ಮನೆತನದಲ್ಲಿಯೇ ಉಳಿಯಲಿ ಎಂದು ಮಾವ ನಿಶ್ಚಯಿಸಿದ. ಆದರೆ ಕಂಪ್ಲಿ ಮದ್ರಾಸ್ ಸರ್ಕಾರದ್ದು, ಸಂಡೂರು ಬೇರೆಯೇ ಒಂದು ಸಂಸ್ಥಾನ. ಕಾಯಿದೆಯ ಕಣ್ಣಿಗೆ ಕಂಪ್ಲಿಯಿಂದ ಅಲ್ಲಿಗೆ ಕೋವಿ ಕಳಿಸುವುದು ದೇಶದಿಂದ ಹೊರಗೆ ಕಳಿಸಿದಂತೆ: ಈ ಕಡೆಯಿಂದ ಒಯ್ಯಲು ಒಂದು ಅಪ್ಪಣೆ ಬೇಕು, ಆ ಕಡೆ ಇಳಿಸಲು ಇನ್ನೊಂದು. ಹೆಣ್ಣು ಕೊಟ್ಟು ಹೆಣ್ಣು ತರುವ ಊರು ಪರದೇಶ ಎಂಬುದು ನಮ್ಮವರ ತಲೆಯೊಳಗೆ ಇಳಿಯಲೇ ಇಲ್ಲ.

ಮಾವನ ತಪ್ಪು ಹುಟ್ಟಿದ್ದು ಹೊಸಪೇಟೆಯ ರೈಲು ನಿಲ್ದಾಣದಲ್ಲಿ. ಬೇಟೆಗೆ ಬರುವ ಸಾಹೇಬರು ಬಂದೂಕನ್ನು ಬಿಡಿಸಿ, ನಳಿಗೆ ಬೇರೆ, ಮರದ ಹಿಡಿ ಬೇರೆ ಮಾಡಿ ಪೆಟ್ಟಿಗೆಯಲ್ಲಿಟ್ಟು ಇಳಿಯುವುದನ್ನು ಅವನು ಕಂಡಿದ್ದ. ಯಾರೂ ಅವರನ್ನು ತಡೆಯುತ್ತಿರಲಿಲ್ಲ. ಅವರ ಜೇಬಿನಲ್ಲಿದ್ದ ಪರವಾನಗಿ ಇವನಿಗೆ ಕಾಣುವಂತಿರಲಿಲ್ಲ. ಬಿಡಿಸಿಟ್ಟದ್ದು ಮಾತ್ರ ಕಂಡಿತು. ಕೂಡಿದರೆ ಬಂದೂಕು, ಬಿಡಿಸಿದರೆ ಒಂದು ಕಬ್ಬಿಣ, ಒಂದು ಕಟ್ಟಿಗೆ. ಎರಡೂ ಒಂದೇ ಬಂಡಿಯಲ್ಲಿ ಇರಬಾರದು, ಅಷ್ಟೇ. ಹೀಗೆ ಅವನೇ ತನಗೊಂದು ಕಾಯಿದೆ ಮಾಡಿಕೊಂಡ. ಹಿಡಿ ಮೊದಲು ಹೋಯಿತು: ಅವನ ಹೆಂಡತಿ, ನನ್ನ ಅತ್ತೆ, ಕೂಸಿನ ಕೌದಿಯಲ್ಲಿ ಅದನ್ನು ಸುತ್ತಿಕೊಂಡು ಸಂಡೂರಿನ ನಾದಿನಿಯ ಮನೆಗೆ ಮುಟ್ಟಿಸಿ ಬಂದಳು. ನಳಿಗೆಯನ್ನು ತಾನೇ ಒಯ್ದ.

ಕಬ್ಬಿನ ಹೊರೆಯ ಮಾತು ಸುಳ್ಳು ಎನ್ನಲು ನನಗೆ ಆಧಾರ, ಅವನನ್ನು ಹಿಡಿದ ಗಡಿಕಟ್ಟೆಯ ಕಾವಲುಗಾರನೇ. ಹೊಸಪೇಟೆಯ ಕೋರ್ಟಿನಲ್ಲಿ ಅವನು ಸಾಕ್ಷಿ ನುಡಿಯುವಾಗ ನಾನು ಹಿಂದಿನ ಬೆಂಚಿನಲ್ಲಿದ್ದೆ. ಆಗ ನಾನು ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ದುಡಿಯುತ್ತಿದ್ದ ಪ್ರಾಯದ ಆಳು. ಬಂಡಿಯ ಮೇಲೆ ಎಲ್ಲರಿಗೂ ಕಾಣುವಂತೆ ಕಂಬಳಿ ಸುತ್ತಿದ ಉದ್ದನೆಯ ಸಾಮಾನು ಇತ್ತು ಎಂದ ಕಾವಲುಗಾರ. ತನಗೂ ಮಾವನಿಗೂ ನಡೆದ ಮಾತನ್ನು ನಾಟಕದವರ ಹಾಗೆ ಎರಡೂ ದನಿಯಲ್ಲಿ ಆಡಿ ತೋರಿಸಿದ.

“ಕಂಬಳ್ಯಾಗ ಏನಲೇ?”

“ನಳಿಗಿ ಐತ್ರಿ.”

“ಎದರ ನಳಿಗಿ?”

“ಬಂದೂಕಿಂದು. ಬರೇ ನಳಿಗಿ ರೀ, ಬಂದೂಕಲ್ಲ.”

“ಬರೇ ತಲಿ ಒಯ್ದರ ಕೊಲಿ ಅಲ್ಲೇನಲೇ, ಹುಚ್ಚಪ್ಪಾ?”

ಕೋರ್ಟು ನಕ್ಕಿತು. ಮಾವ ನಗಲಿಲ್ಲ. ಕಳ್ಳಸಾಗಣೆ ಮಾಡುವವನು ಕೇಳಿದ ಕೂಡಲೇ ಹೀಗೆ ಹೇಳಿಬಿಡುತ್ತಾನೆಯೇ ಎಂದು ಆ ನಕ್ಕವರಲ್ಲಿ ಒಬ್ಬರೂ ಯೋಚಿಸಲಿಲ್ಲ.

ಅದಕ್ಕೂ ಮೊದಲು, ಲಾಕಪ್ಪಿನಲ್ಲಿದ್ದ ಅವನಿಗೆ ರೊಟ್ಟಿ ಕೊಡಲು ನಾನು ವಕೀಲರೊಂದಿಗೆ ಹೋಗಿದ್ದೆ. ಬಂದೂಕಿನ ಯಾವ ಭಾಗವಾದರೂ ಕಾಯಿದೆಗೆ ಬಂದೂಕೇ ಎಂದು ವಕೀಲರು ತಿಳಿಸಿ ಹೇಳಿದರು. (ಮುಂದೆ ನಿಘಂಟು ಹಿಡಿದು ಆ ಕಾಯಿದೆಯನ್ನು ನಾನೇ ಓದಿದೆ; ಅವರು ಹೇಳಿದ್ದು ಸರಿ.) ಮಾವ ರೊಟ್ಟಿಯನ್ನು ಕೆಳಗಿಟ್ಟ.

“ಹಂಗಾದ್ರ ಕಟ್ಟಿಗಿ ಒಯ್ದಾಕಿಗೂ ಶಿಕ್ಷಾ ಐತೇನ್ರಿ?”

“ಐತಿ. ಇಸಗೊಂಡೋರಿಗೂ ಬಿಡಂಗಿಲ್ಲ.”

ಆರು ತಿಂಗಳೂ ತುಂಬದ ಕೂಸನ್ನು ಎತ್ತಿಕೊಂಡು ಅತ್ತೆ ಹೊರಗೆ ಹುಣಸೆಮರದ ಕೆಳಗೆ ಕುಳಿತಿದ್ದಳು. ಅವಳು ಹೊತ್ತ ಕಟ್ಟಿಗೆ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಬಂದೇ ಬರುತ್ತದೆ ಎಂಬುದು ಒಳಗಿದ್ದ ನಮ್ಮ ಮೂವರಿಗೂ ತಿಳಿದಿತ್ತು.

“ಮಾರೀನಿ ಅಂತೀನ್ರಿ,” ಎಂದ ಮಾವ.

“ಹುಚ್ಚಾ, ಮಾರೋದೂ ಗುನ್ನೆನ. ಶಿಕ್ಷಾ ಹೆಚ್ಚಾಗತೈತಿ.”

“ಹೆಚ್ಚಾಗ್ಲೇಳ್ರಿ. ಒಬ್ಬಂಗ ಆಗ್ಲಿ.”

ಆಮೇಲೆ ನನ್ನ ಕಡೆ ತಿರುಗಿ, “ಆಕಿ ಮುಂದ ಏನೂ ಒದರಬ್ಯಾಡ. ಬಾಯಿ ಭಾಳ ಜೋರದಾಕಿ, ಒಳಗ ನುಗ್ಗಿ ನಾನ ಒಯ್ದೀನಿ ಅಂತಾಳ,” ಎಂದ. ನಗಲು ಹೊರಟ ಮುಖ ಅರ್ಧಕ್ಕೇ ನಿಂತಿತು.

ಮ್ಯಾಜಿಸ್ಟ್ರೇಟರು ಕೇಳಿದರು: ಹಿಡಿ ಎಲ್ಲಿ? ಮಾರಿದೆ ಎಂದ. ಯಾರಿಗೆ? ಸಂಡೂರು ಸಂತೆಯಲ್ಲಿ, ಗುರುತಿಲ್ಲದವನಿಗೆ. ಗುರುತಿಲ್ಲದ ಆ ಮನುಷ್ಯ ಕೋರ್ಟಿನ ಮೆಟ್ಟಿಲಿಳಿಯುವ ಮೊದಲೇ ದರೋಡೆಕೋರನಾದ. ಕಂಪ್ಲಿ ಮುಟ್ಟುವ ಹೊತ್ತಿಗೆ ಒಂದು ತಂಡವಾದ. ನಾನು ಅಲ್ಲಗಳೆಯುತ್ತಿರುವ ಕಥೆಯನ್ನು ಕಟ್ಟಿದವನು ನನ್ನ ಮಾವನೇ. ಅಲ್ಲದೆ ಅದು ಜೊಳ್ಳು ಕಥೆ: ನಳಿಗೆಯನ್ನು ತಾನೇ ಇಟ್ಟುಕೊಂಡು ಬರಿಯ ಹಿಡಿಯನ್ನು ಮಾರಿದರೆ ಕೊಳ್ಳುವ ದರೋಡೆಕೋರ ಯಾವನು? ಸರ್ಕಾರ ಆ ಪ್ರಶ್ನೆಯನ್ನೂ ಕೇಳಲಿಲ್ಲ.

ಬಳ್ಳಾರಿ ಜೈಲಿಗೆ ಹೋದವನು ಕಬ್ಬು ಕಡಿಯುವ ಕಾಲಕ್ಕೆ ಬರಬೇಕಿತ್ತು. ಜ್ವರ ಬಂದು ಸತ್ತನೆಂಬ ಸುದ್ದಿ ಬಂದಿತು. ಮಣ್ಣು ಮಾಡಿ ಆಗಿತ್ತು. ಆ ವರ್ಷ ಹಂದಿಗಳು ಹೊಲವನ್ನು ಹೊರಳಾಡಿ ಹಾಳುಗೆಡವಿದವು. ಕಾಯಲು ಕೋವಿಯೂ ಇರಲಿಲ್ಲ, ಆಳೂ ಇರಲಿಲ್ಲ.

ಮಾರಿದೆ ಎಂದು ಮಾವ ಹೇಳಿದ್ದು ತನ್ನನ್ನು ಉಳಿಸಲು ಎಂಬುದು ಅತ್ತೆಗೆ ತಿಳಿದದ್ದು ಅವನು ಸತ್ತ ಮೇಲೆ, ವಕೀಲರಿಂದ. ಹೊಳೆಯ ದಂಡೆಯಲ್ಲಿ ಹೆಂಗಸರು ಅವಳಿಗೆ ಕೇಳಿಸುವಂತೆ, “ಇಕಿ ಗಂಡ ಮಾರಿದ ಬಂದೂಕಿಗೆ ಯಾರ ತಾಳಿ ಹರೀತೋ,” ಎನ್ನುತ್ತಿದ್ದರು. ಜೋರು ಬಾಯಿಯವಳು ಬಟ್ಟೆ ಹಿಂಡಿಕೊಂಡು ಎದ್ದು ಬರುತ್ತಿದ್ದಳು. ನಿಜ ಹೇಳಿದರೆ ಸಂಡೂರಿನವರಿಗೂ ಸಂಕಟ, ಅವನು ಸತ್ತದ್ದೂ ವ್ಯರ್ಥ. ಅವಳ ಮಗನಿಗೆ ಕಂಪ್ಲಿಯಲ್ಲಿ ಯಾರೂ ಹೆಣ್ಣು ಕೊಡಲಿಲ್ಲ; ಬುಕ್ಕಸಾಗರದಿಂದ ತಂದೆವು, ಅಲ್ಲಿಯೂ ಬೀಗರು ಮೊದಲು ಕೇಳಿದ್ದು ಬಂದೂಕಿನ ಮಾತನ್ನೇ.

ಸಂಸ್ಥಾನ ಹೋಯಿತು, ಗಡಿಕಟ್ಟೆ ಹೋಯಿತು, ಚಿಕ್ಕಮ್ಮನ ಗಂಡನೂ ಹೋದ. ಈಚೆಗೆ ಅತ್ತೆಯನ್ನು ಕೇಳಿದೆ, ಬರೆಯಲೇ ಎಂದು. “ಬರೀ. ಈಗ ಯಾರ್ನ ಹಿಡಕೊಂಡು ಹೋಗ್ತಾರ? ನನ್ನ ಹಿಡದ್ರ ಹೊತಗೊಂಡು ಹೋಗಬೇಕಾಗತೈತಿ, ನಡೆಯಾಕ ಬರಂಗಿಲ್ಲ,” ಎಂದಳು.

ಮುದುಕಿಯ ಮಾತು, ಮುದುಕನ ಬರಹ. ನಂಬಬೇಕೆಂದು ನಾನು ಕೇಳುವುದಿಲ್ಲ. ಸಂಡೂರಿನ ಆ ಮನೆಯ ದನದ ಕೊಟ್ಟಿಗೆಗೆ ಹೋಗಿ ನೋಡಿ. ಮಾವ ಸಿಕ್ಕಿಬಿದ್ದಾಗ ಚಿಕ್ಕಮ್ಮನ ಗಂಡ ಹೆದರಿ ಹಿಡಿಯಲ್ಲಿದ್ದ ಕುದುರೆಯನ್ನು, ಅಂದರೆ ಗುಂಡು ಹಾರಿಸುವ ಕೀಲನ್ನು, ಕಿತ್ತು ಬಾವಿಗೆ ಹಾಕಿದ. ಮರದ ಹಿಡಿಯನ್ನು ಒಲೆಗೆ ಹಾಕಲು ಚಿಕ್ಕಮ್ಮ ಬಿಡಲಿಲ್ಲ. ಕೊಟ್ಟಿಗೆಯ ಬಾಗಿಲಿಗೆ ಒಳಗಿನಿಂದ ಒತ್ತು ಕೊಡುವ ಕಟ್ಟಿಗೆ ಅದೇ. ನಳಿಗೆ ಕೂರುವ ಉದ್ದನೆಯ ಕಾಲುವೆ, ಕುದುರೆ ಕಿತ್ತ ಹಳ್ಳ, ಅಜ್ಜನ ಕೆನ್ನೆ ಒರಗಿ ನುಣುಪಾದ ಜಾಗ, ಎಲ್ಲವೂ ಇವೆ. ಚಿಕ್ಕಮ್ಮನ ಸೊಸೆ ಬೇಡ ಎನ್ನುವುದಿಲ್ಲ. ದನ ಹೊರಗೆ ಬಿಡುವಾಗ ದಿನವೂ ಅವಳೇ ಅದನ್ನು ತೆಗೆದು ಗೋಡೆಗೆ ಒರಗಿಸುತ್ತಾಳೆ.