ಅಕ್ಕನಿಗೇ ಹೋಗುವ ಕರೆ

ಗಾಜಿನ ಹಲಗೆಗಳನ್ನು ಸಾಗಿಸುವ ಲಾರಿಯ ಡ್ರೈವರಿಗೆ ಅವಸರ ಎಂಬುದು ಗೊತ್ತಿರಬಾರದು. ಅವನಿಗೆ ಗೊತ್ತಿರಲಿಲ್ಲ. ರಸ್ತೆಯ ಉಬ್ಬು ಬಂದರೆ, ನಿದ್ದೆ ಮಾಡುತ್ತಿರುವ ಮಗುವನ್ನು ಎತ್ತಿಕೊಂಡು ಹೊಸ್ತಿಲು ದಾಟುವವನ ಹಾಗೆ ದಾಟಿಸುತ್ತಿದ್ದ. ಹಿಂದಿನ ಗಾಡಿಯವರು ಹಾರನ್ ಬಾರಿಸಿ ಬಾರಿಸಿ ಸುಸ್ತಾಗುತ್ತಿದ್ದರೇ ಹೊರತು ಇವನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಅವನಿಗೆ ಮೆಲ್ಲಗಣ್ಣ ಎಂದೇ ಹೆಸರು ಬಿದ್ದಿತ್ತು. ಗೇಟಿನ ಕಾವಲುಗಾರನಿಗಂತೂ ಅವನ ನಿಜವಾದ ಹೆಸರು ಮರೆತೇ ಹೋಗಿತ್ತು.

ಹಳೆಯ ಲಾರಿ ಗುಜರಿಗೆ ಹೋದಾಗ ಯಜಮಾನರು ಹೊಸದರ ಕೀಲಿಯನ್ನು ಮೊದಲು ಅವನ ಕೈಗೇ ಕೊಟ್ಟರು. ಹೊಸ ಪ್ಲಾಸ್ಟಿಕ್ಕಿನ ವಾಸನೆ, ಅಲುಗಾಡದ ಸೀಟು, ಮುಂದೆ ಊಟದ ತಟ್ಟೆಯಷ್ಟು ದೊಡ್ಡ ಪರದೆ. ಹಳೆಯ ಲಾರಿಯ ರೇಡಿಯೋಗೆ ಎರಡು ತಿರುಪು ಬಿಟ್ಟರೆ ಬೇರೇನೂ ಇರಲಿಲ್ಲ. ಇದರಲ್ಲಿ ರೇಡಿಯೋ ಪರದೆಯೊಳಗೇ ಇತ್ತು, ಅದರ ಗುಂಡಿಗಳು ಸ್ಟೀರಿಂಗ್ ಮೇಲಿದ್ದವು. ಜೇಬಿನಲ್ಲಿದ್ದ ಫೋನನ್ನೂ ಅದು ತಾನಾಗಿಯೇ ಹಿಡಿದುಕೊಳ್ಳುತ್ತಿತ್ತು. ಹಾಡು ಕೇಳುತ್ತಾ ಗಾಡಿ ಓಡಿಸುವುದೆಂದರೆ ಮೆಲ್ಲಗಣ್ಣನಿಗೆ ಜೀವ. ಮೊದಲ ದಿನ ಇಡೀ ದಾರಿ ಗುನುಗುತ್ತಲೇ ಹೋದ.

ತೊಂದರೆ ಶುರುವಾದದ್ದು ಆ ವಾರವೇ. ಒಂದು ಒಳ್ಳೆಯ ಹಾಡು ಬಂತೆಂದು ಸದ್ದು ಹೆಚ್ಚಿಸಲು ಗುಂಡಿ ಒತ್ತಿದ. ಹಾಡು ನಿಂತಿತು. ಟ್ರಿಣ್ ಟ್ರಿಣ್ ಎಂಬ ಸದ್ದು ಕೇಳಿತು. ಆಮೇಲೆ ಲಾರಿಯ ನಾಲ್ಕೂ ಮೂಲೆಯಿಂದ ಒಂದು ಹೆಂಗಸಿನ ದನಿ, "ಹಲೋ?" ಎಂದಿತು.

ಅದು ಅವನ ಅಕ್ಕ.

ಗಾಡಿಯನ್ನು ಪಕ್ಕಕ್ಕೆ ಹಾಕಿ, ಪರದೆಯ ಮೇಲೆ ಸಿಕ್ಕಸಿಕ್ಕಲ್ಲಿ ಒತ್ತಿ ಕರೆ ಕತ್ತರಿಸಿದ. ಅಕ್ಕನ ಮಗಳ ಮದುವೆಯ ದಿನದಿಂದ ಅವರಿಬ್ಬರ ನಡುವೆ ಮಾತಿರಲಿಲ್ಲ. ಆ ಮಗಳ ಮಗು ಈಗ ಶಾಲೆಗೆ ಹೋಗುತ್ತಿತ್ತು. ಮದುವೆಗೆ ಅವನು ತಡವಾಗಿ ಹೋಗಿದ್ದ, ಅದೂ ಲಾರಿಯ ಮಾಸಲು ಬಟ್ಟೆಯಲ್ಲೇ. ಅಷ್ಟು ಹೊತ್ತಿಗೆ ಎಲ್ಲ ಮುಗಿದು, ಫೋಟೋ ತೆಗೆಸಿಕೊಂಡೂ ಆಗಿತ್ತು. ಅಕ್ಕ ನೆಂಟರೆಲ್ಲರ ಎದುರಿಗೇ, "ಇವನಿಗೆ ಗಾಜು ಒಡೀಬಾರದು ಅಷ್ಟೇ. ಮನುಷ್ಯರ ಮನಸ್ಸು ಒಡೆದ್ರೆ ಏನೂ ಇಲ್ಲ" ಎಂದುಬಿಟ್ಟಳು. ಅವನು ಊಟಕ್ಕೂ ಕೂರದೆ ಬಂದ ದಾರಿಯಲ್ಲೇ ಹಿಂದಿರುಗಿದ್ದ.

ಮಾರನೆಯ ದಿನ ಮತ್ತೆ ಅದೇ ಆಯಿತು. ಈ ಸಲ ಅಕ್ಕ, "ಮಾತಾಡೋದಿದ್ರೆ ಮಾತಾಡು, ಇಲ್ಲಾಂದ್ರೆ ಇಡು" ಎಂದಳು. ಅವನು ಇಟ್ಟ.

ಕಾರ್ಖಾನೆಯ ಶೆಡ್ಡಿನಲ್ಲಿ ಗಾಡಿಗಳ ವೈರಿಂಗ್ ನೋಡಿಕೊಳ್ಳುತ್ತಿದ್ದ ಹೆಂಗಸು ಒಂದು ಪುಟ್ಟ ಯಂತ್ರವನ್ನು ತಂದು ಲಾರಿಗೆ ಚುಚ್ಚಿ, ಬಹಳ ಹೊತ್ತು ಪರದೆಯನ್ನೇ ನೋಡಿದಳು.

"ಅಣ್ಣಾ, ಇದು ವೈರಿನ ತಪ್ಪಲ್ಲ. ಒಳಗಿನ ಸಾಫ್ಟ್‌ವೇರಿನ ಲೆಕ್ಕಾಚಾರನೇ ಎಲ್ಲೋ ಎಡವಿದೆ. ಸದ್ದಿನ ಗುಂಡಿ ಒತ್ತಿದ್ರೆ ಒಮ್ಮೊಮ್ಮೆ ಫೋನಿನ ಪಟ್ಟಿಗೆ ಹೋಗಿ ಮೊದಲ ಹೆಸರಿಗೆ ಕರೆ ಹಚ್ಚುತ್ತೆ. ನಿಮ್ಮ ಫೋನಲ್ಲಿ ಮೊದಲ ಹೆಸರು ಯಾರದು?"

"ಅಕ್ಕಂದು."

"ಮತ್ತೆ? ಅಕ್ಕ ಅಂದ್ಮೇಲೆ 'ಅ' ಮೊದಲು ಬರದೆ ಇನ್ನೇನು!" ಎಂದು ಅವಳು ನಕ್ಕಳು. "ಲಾರಿ ಮಾಡಿದವ್ರಿಗೆ ಬರೆದು ಹಾಕ್ತೀನಿ, ಅವ್ರು ಸರಿಪಡಿಸಿ ಕಳಿಸೋವರೆಗೆ ತಾಳ್ಕೊಳ್ಳಿ. ಇಲ್ಲಾಂದ್ರೆ ಅಕ್ಕನ ಹೆಸರು ಬದಲಾಯಿಸಿ. 'ದೊಡ್ಡಕ್ಕ' ಅಂತ ಮಾಡಿ, ಕೆಳಗೆ ಹೋಗ್ತಾರೆ."

ಅವನು ಫೋನು ತೆಗೆದ. ಹೆಸರನ್ನು ನೋಡಿದ. ಯಾಕೋ ಕೈ ಬರಲಿಲ್ಲ. ಇಷ್ಟು ವರ್ಷ ಸಿಟ್ಟಿದ್ದರೂ ಆ ಹೆಸರನ್ನು ಅವನು ಮುಟ್ಟಿರಲಿಲ್ಲ. "ಮನೆಗೆ ಹೋಗಿ ಮಾಡ್ತೀನಿ ಬಿಡಮ್ಮ" ಎಂದು ಫೋನನ್ನು ಜೇಬಿಗಿಳಿಸಿದ. ಮನೆಗೆ ಹೋದ ಮೇಲೂ ಮಾಡಲಿಲ್ಲ.

ಆಮೇಲಿನ ದಿನಗಳಲ್ಲಿ ಅವನು ಆ ಗುಂಡಿಯ ಹತ್ತಿರ ಬೆರಳನ್ನೇ ಒಯ್ಯುತ್ತಿರಲಿಲ್ಲ. ಆದರೆ ಲೋಡು ಕಟ್ಟಲು, ಇಳಿಸಲು ಜೊತೆಗೆ ಬರುತ್ತಿದ್ದ ಗೆಳೆಯನಿಗೆ ಇದೆಲ್ಲ ಎಲ್ಲಿ ನೆನಪಿರಬೇಕು? ಹಗ್ಗ ಬಿಗಿಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಅವನನ್ನು ಎಲ್ಲರೂ ಹಗ್ಗದಣ್ಣ ಎನ್ನುತ್ತಿದ್ದರು. ಒಂದು ಮಧ್ಯಾಹ್ನ ರೈಲ್ವೆ ಗೇಟು ಹಾಕಿತ್ತು. ಲಾರಿ ನಿಂತಿತ್ತು. ಹಗ್ಗದಣ್ಣ ಕೈ ಚಾಚಿ ಗುಂಡಿ ಒತ್ತಿದ. ಹಾಡು ನಿಲ್ಲಲಿಲ್ಲ, ಟ್ರಿಣ್ ಎನ್ನಲೂ ಇಲ್ಲ. ಸದ್ಯ ಬಚಾವಾದೆ ಎಂದುಕೊಂಡ ಮೆಲ್ಲಗಣ್ಣ.

"ಅಲ್ಲ ಮಾರಾಯ, ಅಕ್ಕನ ಹತ್ರ ಮಾತಾಡೋಕೆ ಇಷ್ಟು ಹೆದರ್ತೀಯಲ್ಲ, ಅವತ್ತು ಮದುವೆಗೆ ಬೇಗ ಹೋಗೋಕೆ ನಿಂಗೇನು ಬಂದಿತ್ತು?" ಎಂದು ಹಗ್ಗದಣ್ಣ ಕೆಣಕಿದ.

ಗೇಟು ತೆಗೆಯುವ ಸೂಚನೆ ಇರಲಿಲ್ಲ. ಮೆಲ್ಲಗಣ್ಣ ಹೇಳಿಬಿಟ್ಟ, ಯಾರಿಗೂ ಹೇಳದ್ದನ್ನು.

"ಕನ್ನಡಿ ಕಣೋ. ಅಕ್ಕನ ಮಗಳು ಗೊಂಬೆಗೆ ಬಟ್ಟೆ ಹಾಕೋ ಕಾಲದಿಂದ, ಮಾಮ, ನನಗೆ ಆಳೆತ್ತರದ ಕನ್ನಡಿ ಬೇಕು ಅಂತಿದ್ಲು. ಅಂಚು ಉಜ್ಜಿಸಿ, ಚೌಕಟ್ಟು ಹಾಕಿಸ್ಕೊಂಡು ಹೊರಟೆ. ದಾರಿ ತುಂಬಾ ಗುಂಡಿ. ಬೇಗ ಓಡಿಸಿದ್ರೆ ಒಡೀತಿತ್ತು. ಹೋಗಿ ಇಳಿದ ತಕ್ಷಣ ಅಕ್ಕ ಹಾಗಂದ್ಲು. ಇಳಿಸೋಕೇ ಹೋಗ್ಲಿಲ್ಲ. ಇವತ್ತಿಗೂ ಬಟ್ಟೆ ಸುತ್ತಿದ ಹಾಗೇ ನಮ್ಮನೆ ಗೋಡೆಗೆ ಒರಗಿ ನಿಂತಿದೆ. ಹೇಳಿದ್ರೆ ನೆಪ ಅಂತಾರೆ ಅಂತ ಸುಮ್ಮನಾದೆ. ನನ್ನನ್ನ ಸೊಂಟದ ಮೇಲೆ ಹೊತ್ಕೊಂಡು ಸಾಕಿದವಳು ಅವಳು. ಅವಳೇ ಹಾಗಂದ್ರೆ..."

ಅಷ್ಟರಲ್ಲಿ ಹಾಡು ಪಟ್ಟನೆ ನಿಂತಿತು. ಲಾರಿಯ ತುಂಬ ಯಾರೋ ಮೂಗು ಸೀಟುವ ಸದ್ದು. ಆಮೇಲೆ ಗದ್ಗದ ದನಿ:

"ಯಾವ ಕನ್ನಡಿನೋ?"

ಈ ಸಲ ಕರೆ ಟ್ರಿಣ್ ಎನ್ನದೆಯೇ ಅಕ್ಕನಿಗೆ ಹೋಗಿತ್ತು, ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹಗ್ಗದಣ್ಣ ಬಾಗಿಲು ತೆಗೆದು ಸದ್ದಿಲ್ಲದೆ ಕೆಳಗಿಳಿದ. "ಅಕ್ಕಾ" ಎಂದ ಮೆಲ್ಲಗಣ್ಣ.

"ನೀನು ಎರಡು ಸಲ ಫೋನು ಮಾಡಿ ಇಟ್ಟೆ. ಪರದೆ ಮೇಲೆ 'ತಮ್ಮ' ಅಂತ ಬಂದಾಗ ಎರಡು ಸಲವೂ ಓಡಿ ಬಂದೆ ಕಣೋ. ನಾನೇ ತಿರುಗಿ ಮಾಡೋಣ ಅಂದ್ರೆ ಹಾಳು ಜಂಬ. ಆ ಕನ್ನಡಿ ವಿಷಯ ಅವತ್ತೇ ಬಾಯಿ ಬಿಡೋಕೆ ನಿನಗೇನಾಗಿತ್ತು, ಮೂದೇವಿ?"

"ನೀನು ಬಿಟ್ಯಾ ಮಾತಾಡೋಕೆ?"

"ಬಿಡ್ಲಿಲ್ಲ" ಎಂದಳು ಅಕ್ಕ. ಮತ್ತೆ ಮೂಗು ಸೀಟಿ, "ನಿನ್ನ ಭಾವ ಹಾಸಿಗೆ ಹಿಡಿದಿದ್ದಾರೆ. ಒಂದು ಕಡೆ ಸ್ವಾಧೀನ ಇಲ್ಲ. ಬಾರೋ" ಎಂದಳು.

ಗೇಟು ತೆಗೆದಿತ್ತು. ಹಿಂದಿನಿಂದ ಹಾರನ್ನುಗಳು ಕೂಗುತ್ತಿದ್ದವು. ಹಗ್ಗದಣ್ಣ ರಸ್ತೆಯಲ್ಲಿ ನಿಂತು ಎಲ್ಲರಿಗೂ ಕೈ ಅಡ್ಡ ಮಾಡಿ, "ಸ್ವಲ್ಪ ತಡೀರಪ್ಪಾ, ಒಳಗೆ ಅಕ್ಕ ತಮ್ಮ ಮಾತಾಡ್ತಿದ್ದಾರೆ!" ಎಂದು ಕೂಗುತ್ತಿದ್ದ.

ಮೆಲ್ಲಗಣ್ಣನಿಗೆ ಸ್ಟೀರಿಂಗ್ ಹಿಡಿಯಲು ಕಲಿಸಿದವರೇ ಆ ಭಾವ. ತಮ್ಮ ಹಳೆಯ ವ್ಯಾನಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ಬೈಯದೆ, ರೇಗದೆ ಕಲಿಸಿದ್ದರು. ರಜೆಯ ದಿನ ಕನ್ನಡಿ ತೆಗೆದುಕೊಂಡು, ಹಗ್ಗದಣ್ಣನನ್ನೂ ಕರೆದುಕೊಂಡು ಅಕ್ಕನ ಮನೆಗೆ ಹೋದಾಗ ಅವರು ಇವನನ್ನು ಗುರುತು ಹಿಡಿದರು. ಮಾತು ತೊದಲುತ್ತಿತ್ತು, ಆದರೂ ಸರಿಯಿದ್ದ ಕೈಯಿಂದ ಗೇರ್ ಬದಲಿಸಿ ತೋರಿಸಿ ನಕ್ಕರು. ಅವನು ಅವರ ಮಂಚದ ಅಂಚಿನಲ್ಲಿ ಕೂತು ಮಗುವಿನ ಹಾಗೆ ಅತ್ತ.

ಕನ್ನಡಿ ಅಕ್ಕನ ಮಗಳಿಗೆಂದು ಮಾಡಿಸಿದ್ದು. ಆದರೆ ಅಪ್ಪನನ್ನು ನೋಡಲು ಬಂದಿದ್ದ ಅವಳೇ, "ಮಾಮ, ಅಪ್ಪನ ಕೋಣೆಯಲ್ಲೇ ಇರ್ಲಿ" ಎಂದಳು. ಭಾವನ ಮಂಚ ಕಿಟಕಿಗೆ ಬೆನ್ನು ಮಾಡಿತ್ತು. ಅದನ್ನು ತಿರುಗಿಸಲು ಕೋಣೆಯಲ್ಲಿ ಜಾಗವಿರಲಿಲ್ಲ. ಹಗ್ಗದಣ್ಣ ಎದುರು ಗೋಡೆಗೆ ಕನ್ನಡಿಯನ್ನು ಓರೆಯಾಗಿ ಬಿಗಿದ. ಬೀದಿಯೆಲ್ಲ ಒಳಗೆ ಬಂತು. ಸೈಕಲ್ಲು, ತರಕಾರಿ ಗಾಡಿ, ಶಾಲೆ ಬಿಟ್ಟ ಮಕ್ಕಳು. ಭಾವ ಇಡೀ ಮಧ್ಯಾಹ್ನ ಕಣ್ಣು ಮಿಟುಕಿಸದೆ ನೋಡಿದರು.

ಲಾರಿ ಮಾಡಿದವರಿಂದ ಹೊಸ ಲೆಕ್ಕಾಚಾರ ಬಂದು, ಶೆಡ್ಡಿನ ಹೆಂಗಸು ರೇಡಿಯೋ ಸರಿಪಡಿಸಿದಳು. ಮೆಲ್ಲಗಣ್ಣ ಅವಳಿಗೆ ಎರಡೂ ಕೈ ಜೋಡಿಸಿದ.

"ನಾನೇನು ಮಾಡ್ದೆ ಅಣ್ಣಾ? ಒಂದು ಗುಂಡಿ ಒತ್ತಿದೆ ಅಷ್ಟೇ. ಇಷ್ಟು ತಡವಾದದ್ದಕ್ಕೆ ನೀವು ಬೈಬೇಕಿತ್ತು."

"ತಡವಾದದ್ದಕ್ಕೇ ಅಮ್ಮಾ ಕೈ ಮುಗಿದಿದ್ದು" ಎಂದು, ಕಥೆಯನ್ನೆಲ್ಲ ಹೇಳಿದ. ಅವಳು ಕೈಯಲ್ಲಿದ್ದ ಇಕ್ಕಳವನ್ನು ಕೆಳಗಿಡುವುದನ್ನೂ ಮರೆತು ಕೇಳಿದಳು.

ಭಾವ ಅದಾದ ಮೇಲೆ ಒಂದು ವರ್ಷದಷ್ಟು ಕಾಲ ಇದ್ದರು. ರಜೆ ಸಿಕ್ಕಾಗೆಲ್ಲ ಮೆಲ್ಲಗಣ್ಣ ಅವರಿಗೆ ಗಡ್ಡ ಹೆರೆದ, ಸ್ನಾನ ಮಾಡಿಸಿದ, ಹೊಸ ರಸ್ತೆಗಳ ಸುದ್ದಿ ಹೇಳಿದ. ಆ ವರ್ಷ ತನ್ನ ಪಾಲಿಗೆ ಬಂದದ್ದೇ ಪುಣ್ಯ ಎಂದು ಅವನು ಇಂದಿಗೂ ಎನ್ನುತ್ತಾನೆ. ಅವರು ಹೋದ ಮೇಲೆ ಬಂದ ಜನರೆಲ್ಲ ಹೊರಟು ಮನೆ ಖಾಲಿಯಾದ ಸಂಜೆ, ಅಕ್ಕ ತಮ್ಮ ಇಬ್ಬರೂ ಹಿತ್ತಲಲ್ಲಿ ಕೂತು ರಾಶಿ ಬಿದ್ದ ಲೋಟಗಳನ್ನು ತೊಳೆದರು. ಅವಳು ಉಜ್ಜಿ ಕೊಡುತ್ತಿದ್ದಳು, ಅವನು ಒರೆಸಿ ಬೋರಲು ಹಾಕುತ್ತಿದ್ದ.

"ನಾಳೆ ಹೋಗ್ಲೇಬೇಕೇನೋ?"

"ಇಲ್ಲ ಅಕ್ಕ. ಈ ವಾರವೆಲ್ಲ ಇಲ್ಲೇ ಇರ್ತೀನಿ."

ಅವಳು ತಲೆಯಾಡಿಸಿ, ಇನ್ನೊಂದು ಲೋಟ ಅವನ ಕೈಗೆ ಕೊಟ್ಟಳು.