ಗೋಡೆ ಗಡಿಯಾರದ ಮೇಲೆ ಅನುಮಾನ

ನಮ್ಮ ಮನೆಯ ಗಡಿಯಾರವನ್ನು ಯಾರೋ ಮುಂದಕ್ಕೆ ತಿರುಗಿಸುತ್ತಿದ್ದಾರೆ ಎಂಬ ಅನುಮಾನ ನನಗೆ ಬಂದದ್ದು ಮಗಳ ಮದುವೆ ಗೊತ್ತಾದ ವರ್ಷ. ಯಾರೋ ಏನು, ನನ್ನ ಹೆಂಡತಿಯೇ. ಮನೆಯಲ್ಲಿದ್ದವರು ನಾವು ಮೂವರು. ಮಗಳಿಗೆ ಫೋನು ಬಿಟ್ಟರೆ ಗೋಡೆಯ ಕಡೆ ನೋಡುವ ಅಭ್ಯಾಸವೇ ಇಲ್ಲ. ಇನ್ನು ಉಳಿದವಳು ಇವಳೊಬ್ಬಳೇ ತಾನೆ?

ನಾನು ಪಾಂಡವಪುರದ ಅಕ್ಕಸಾಲಿ. ಮನೆಯ ಮುಂದಿನ ಕೋಣೆಯೇ ಅಂಗಡಿ, ಹಿಂದೆ ಅಡುಗೆಮನೆ, ನಡುವೆ ಒಂದು ಪರದೆ. ಬೆಸುಗೆ ಹಾಕುವಾಗ ನಾನು ಯಾವತ್ತೂ ಗಡಿಯಾರ ನೋಡಿದವನಲ್ಲ. ದೀಪದ ಉರಿಯನ್ನು ಊದುಗೊಳವೆಯಿಂದ ಊದಿ ಒಡವೆಯ ಮೇಲೆ ಬಾಗಿಸುತ್ತೇವೆ. ಬೆಸುಗೆಯ ಚೂರು ಕರಗಿ ಹರಿಯಬೇಕು, ಒಡವೆ ಕರಗಬಾರದು. ಇವೆರಡರ ನಡುವೆ ಸಿಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಕರಗಿದ್ದು ಕಣ್ಣಿಗೆ ಕಂಡ ಮೇಲೆ ನಿಲ್ಲಿಸಿದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಅದಕ್ಕೆ ಮೊದಲೇ ಎದೆಯೊಳಗಿಂದ ‘ಸಾಕು’ ಅನ್ನಿಸಬೇಕು. ನನಗೆ ಅನ್ನಿಸುತ್ತಿತ್ತು. ಹಸಿವು ಶಾಲೆಯ ಗಂಟೆಗಿಂತ ಮುಂಚೆ ಬರುತ್ತಿತ್ತು, ಎಚ್ಚರ ಕೋಳಿಗಿಂತ ಮುಂಚೆ ಆಗುತ್ತಿತ್ತು. ಈ ಮೈ ಇರುವಾಗ ಗಡಿಯಾರ ಯಾತಕ್ಕೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಆಮೇಲೆ ಶುರುವಾಯಿತು ನೋಡಿ ಇವಳ ರಾಗ.

“ಊಟಕ್ಕೆ ಕರೆದು ಏಸೊತ್ತಾಯ್ತು! ಮುದ್ದೆ ಆರೋಯ್ತು.”

“ಈಗ ತಾನೆ ಕರುದ್ಯಲ್ಲೇ!”

“ಈಗ್ಲಾ? ಶಾಲೆ ಮಕ್ಳು ಉಂಡ್ಕಂಡು ವಾಪಸ್ಸು ಓಗಾಯ್ತು. ಗಡಿಯಾರನಾರ ನೋಡಿ.”

ನೋಡಿದೆ. ಮುಳ್ಳು ಅವಳು ಹೇಳಿದ ಕಡೆಗೇ ಇತ್ತು. ಅದೇ ನನಗೆ ಅನುಮಾನ. ಅವಳು ಹೇಳಿದ ಕಡೆಗೇ ಪ್ರತಿ ಸಲ ಅದು ಹೇಗೆ ಇರುತ್ತದೆ?

ಹೊರಗೂ ಹಾಗೇ ಆಗತೊಡಗಿತು. ಅರಕೆರೆಯವರಿಗೆ ಒಂದು ಜೊತೆ ಬಳೆ ತಲುಪಿಸಬೇಕಿತ್ತು. ಶ್ರೀರಂಗಪಟ್ಟಣದ ಬಸ್ಸು ಎದುರಿಗೇ ನಿಂತಿತ್ತು, ಒಂದು ಟೀ ಕುಡಿದು ಹತ್ತೋಣ ಎಂದು ಲೋಟ ಹಿಡಿದೆ. ಎರಡು ಗುಟುಕು ಇಳಿದಿತ್ತೋ ಇಲ್ಲವೋ, ತಲೆಯೆತ್ತಿದರೆ ಬಸ್ಸು ಮಾಯ. ನಿಲ್ದಾಣದ ಕಂಟ್ರೋಲರನ ಮೇಲೆ ಎಗರಿಬಿದ್ದೆ, ಹೊತ್ತಿಗೆ ಮುಂಚೆ ಯಾಕೆ ಬಿಟ್ಟಿರಿ ಎಂದು. ಆತ ನಗುತ್ತಾ, “ಯಜಮಾನ್ರೇ, ಡ್ರೈವರು ಪೋಂ ಪೋಂ ಅಂತ ಆರನ್ನು ಒಡ್ದು ಒಡ್ದು ಓದ. ನೀವು ಲೋಟ ಇಡ್ಕಂಡು ಅಂಗೇ ನೋಡ್ತಾ ಇದ್ರಿ” ಅಂದ. ಇವನೂ ಡ್ರೈವರೂ ಸೇರಿ ಆಟ ಕಟ್ಟಿದ್ದಾರೆ ಎಂದುಕೊಂಡೆ. ಟೀ ಮಾತ್ರ ಯಾಕೆ ತಣ್ಣಗಾಗಿತ್ತು ಎಂದು ಯೋಚಿಸಲಿಲ್ಲ.

ಕೆಟ್ಟದ್ದು ನಡೆದದ್ದು ಸಿಂಧಘಟ್ಟದ ಒಬ್ಬ ಹೆಂಗಸಿನ ಓಲೆಯಲ್ಲಿ. ಅವಳ ಅಜ್ಜಿಯ ಕಾಲದ ಓಲೆ, ತಿರುಪು ಕಿತ್ತುಹೋಗಿತ್ತು. ನನ್ನ ಎದೆಯೊಳಗೆ ಇನ್ನೂ ‘ಸಾಕು’ ಅನ್ನಿಸಿಯೇ ಇರಲಿಲ್ಲ, ಓಲೆ ಕುಸಿದು ಗುಂಡಗಾಗಿ ಕೂತಿತು. ಅಯ್ಯೋ ನನ್ನ ಕರ್ಮವೇ! ಅಂಥದೇ ಹೊಸದು ಮಾಡಿಕೊಟ್ಟೆ, ಆದರೆ ಅವಳ ಅಜ್ಜಿಯನ್ನು ಎಲ್ಲಿಂದ ತರಲಿ? ಬೆಸುಗೆಗೆ ಹಚ್ಚುವ ಬಿಳಿಗಾರದಲ್ಲಿ ಕಲಬೆರಕೆ ಎಂದು ಅಂಗಡಿ ಬದಲಿಸಿದೆ. ದೀಪದ ಎಣ್ಣೆ ಬದಲಿಸಿದೆ. ಪರದೆಯ ಆಚೆ ಇವಳು ಏನೂ ಅನ್ನಲಿಲ್ಲ. ಆ ಸುಮ್ಮನಿರುವಿಕೆಯ ಮೇಲೂ ನನಗೆ ಅನುಮಾನ ಬಂತು.

ಅನುಮಾನಕ್ಕೆ ಕಾರಣವಿತ್ತು. ನಮ್ಮ ಮನೆತನದಲ್ಲಿ ಮಗಳ ತವರಿನ ತಾಳಿಯನ್ನು ಅಪ್ಪನೇ ಮಾಡಬೇಕು, ಅದೂ ಬಾಯಲ್ಲೇ ಊದಿ. ಗ್ಯಾಸಿನ ಉರಿ ಸೋಕಿಸುವ ಹಾಗಿಲ್ಲ. ಅಪ್ಪನ ಉಸಿರು ತಾಳಿಗೆ ಹೋಗಬೇಕು ಅನ್ನುತ್ತಾರೆ. ಬೆಸುಗೆಯಲ್ಲಿ ತಾಳಿ ಕರಗಿದರೆ ಅಪಶಕುನ. ಅಪ್ಪ ಮತ್ತೆ ಕೈಯಿಡುವಂತಿಲ್ಲ, ಕೆಲಸ ಬೇರೊಬ್ಬ ಆಚಾರಿಗೆ ಹೋಗುತ್ತದೆ. ನಮ್ಮಪ್ಪ ನನ್ನ ತಂಗಿಗೆ ಮಾಡಿಕೊಟ್ಟದ್ದನ್ನು ಪಕ್ಕದಲ್ಲಿ ಕೂತು ನೋಡಿದವನು ನಾನು. ಮಗಳು ಹುಟ್ಟಿದ ದಿನದಿಂದ ಈ ಒಂದು ಕೆಲಸಕ್ಕೆ ಕಾಯುತ್ತಿದ್ದೆ. ಇವಳು ಒಂದು ದಿನ ಮೆಲ್ಲಗೆ, “ತಾಳಿ ಕೆಲ್ಸನ ನಾಗಮಂಗ್ಲದ ನಮ್ಮಣ್ಣನ ಕೈಲಿ ಮಾಡುಸ್ಬುಡಾನ?” ಅಂದಳು. ಅವಳ ಅಣ್ಣನೂ ಅಕ್ಕಸಾಲಿಯೇ. ಓಹೋ, ಇದಾ ವಿಷಯ! ಗಡಿಯಾರ ತಿರುಗಿಸಿ ತಿರುಗಿಸಿ ನನಗೆ ಅರಳುಮರಳು ಎಂದು ಸಾಬೀತು ಮಾಡಿ, ತಾಳಿಯನ್ನು ತನ್ನ ತವರಿಗೆ ಸಾಗಿಸುವ ಹುನ್ನಾರ.

ಹಿಡಿದೇ ಬಿಡುತ್ತೇನೆ ಎಂದು ಗಡಿಯಾರದ ಅಂಚಿಗೆ ಒಡವೆ ಮೆರುಗಿಸುವ ಕೆಂಪು ಕಾವಿ ಸವರಿಟ್ಟೆ. ಮುಟ್ಟಿದರೆ ಬೆರಳು ಕೆಂಪಾಗಬೇಕು. ದಿನಾ ಅವಳ ಬೆರಳು ನೋಡಿದ್ದೇ ನೋಡಿದ್ದು. ಅರಿಸಿನ ಬಿಟ್ಟರೆ ಏನೂ ಇರಲಿಲ್ಲ. ಬಟ್ಟೆ ಸುತ್ತಿಕೊಂಡು ಮುಟ್ಟುತ್ತಾಳೆ, ಚಾಲಾಕಿ, ಎಂದುಕೊಂಡೆ.

ಈ ನಡುವೆ ಸುಮ್ಮನೆ ಕೂತಾಗ ಎಡಗೈ ನಡುಗತೊಡಗಿತು. ಮಗಳು ಬಲವಂತವಾಗಿ ಮೈಸೂರಿಗೆ ಕರೆದೊಯ್ದಳು. ಡಾಕ್ಟರಮ್ಮ ಕೈ ಆಡಿಸಿ, ನಡೆಸಿ ನೋಡಿದರು. ಆಮೇಲೆ, “ಕಣ್ಣು ಮುಚ್ಚಿ, ಒಂದು ನಿಮಿಷ ಆಯ್ತು ಅನ್ನಿಸಿದಾಗ ಹೇಳಿ” ಅಂದರು. ನನಗಿದು ಹೇಳಿ ಮಾಡಿಸಿದ ಕೆಲಸ! ಆರಾಮಾಗಿ ಕೂತು, ಒಳಗಿಂದ ಅನ್ನಿಸಿದಾಗ ಹೇಳಿದೆ. ಕಣ್ಣು ತೆರೆದರೆ ಮಗಳ ಮುಖ ಬಾಡಿತ್ತು. ನಿಮಿಷ ಕಳೆದು ಬಹಳ ಹೊತ್ತಾಗಿತ್ತಂತೆ.

“ನಿಮ್ಮ ವಾಚು ಸರಿಯಾಗೈತಾ ತಾಯಿ?” ಅಂದೆ.

ಅವರು ನಗಲಿಲ್ಲ. “ಮಿದುಳಿನಲ್ಲಿ ಡೋಪಮಿನ್ ಅಂತ ಒಂದು ರಾಸಾಯನಿಕ ಇರುತ್ತೆ. ಅದು ಕಡಿಮೆಯಾದ್ರೆ ಕೈ ನಡುಗುತ್ತೆ, ನಡಿಗೆ ನಿಧಾನ ಆಗುತ್ತೆ. ಹೊತ್ತಿನ ಅಂದಾಜೂ ತಪ್ಪಬಹುದು. ಹೊರಗೆ ಹೊತ್ತು ಓಡ್ತಿದ್ರೂ ನಿಮಗೆ ಸ್ವಲ್ಪವೇ ಆಯ್ತು ಅನ್ನಿಸುತ್ತೆ” ಅಂದರು.

ಹೊತ್ತೇನು ತಲೆಯೊಳಗೆ ತಯಾರಾಗುವ ಪದಾರ್ಥವೇ, ಉಪ್ಪು ಖಾರದ ಹಾಗೆ ಕಮ್ಮಿ ಜಾಸ್ತಿ ಆಗುವುದಕ್ಕೆ? ನಾನು ನಂಬಲಿಲ್ಲ. ಕೆಲಸ ಹಿಡಿದರೆ ನನ್ನ ಕೈ ನಡುಗುತ್ತಲೇ ಇರಲಿಲ್ಲ. ಆದರೆ ಅವರು ಬರೆದುಕೊಟ್ಟ ಗುಳಿಗೆ ನುಂಗಿದ ಮೇಲೆ ಒಂದಷ್ಟು ಹೊತ್ತು ಗಡಿಯಾರವೂ ನಾನೂ ಜೊತೆಯಾಗಿ ನಡೆಯತೊಡಗಿದೆವು. ಅದರ ಹಿಡಿತ ಇಳಿಯುತ್ತಿದ್ದಂತೆ ಮತ್ತೆ ಮುದ್ದೆ ಆರುತ್ತಿತ್ತು. ಈಗ ಗುಳಿಗೆಯ ಮೇಲೇ ಅನುಮಾನ. ಒಳಗಿಂದ ‘ಸಾಕು’ ಅಂದರೆ ಅದನ್ನು ಅಂದದ್ದು ನಾನೋ, ಗುಳಿಗೆಯೋ?

ತಾಳಿ ಕೆಲಸದ ದಿನ ಬೆಳಿಗ್ಗೆ, ‘ಸಾಕು’ ಅನ್ನಬೇಕಾದವನು ನಾನೇ ಎಂದು ಗುಳಿಗೆ ನುಂಗದೆ, ಮಿಂದು ದೀಪ ಹಚ್ಚಿದೆ. ಬೊಟ್ಟು ಸಿದ್ಧವಾಗಿತ್ತು, ಅದಕ್ಕೆ ಕೊಂಡಿ ಬೆಸೆದರೆ ಮುಗಿಯಿತು. ಮಗಳು ಬಾಗಿಲಲ್ಲಿ ನಿಂತಿದ್ದಳು. ಪರದೆ ಸರಿಸಿಕೊಂಡು ಇವಳು ಬಂದು ಪಕ್ಕದಲ್ಲೇ ಕೂತಳು. ಹಿಂದೆಂದೂ ಹಾಗೆ ಕೂತವಳಲ್ಲ.

“ನಿಂಗೇನೇ ಇಲ್ಲಿ ಕೆಲ್ಸ?”

“ನಾನು ಸಾಕು ಅಂದಾಗ ನಿಲ್ಸಿ.”

“ಅಕ್ಕಸಾಲಿ ನಾನೋ, ನೀನೋ?”

“ನೀವೇ. ಊದಿ.”

ಊದಿದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಬೊಟ್ಟು ಕೆಂಪೇರಿತು. ನನಗೆ ಆಗ ತಾನೇ ಶುರು ಮಾಡಿದ ಹಾಗಿತ್ತು.

“ಸಾಕು” ಅಂದಳು.

ಇಲ್ಲ, ಇನ್ನೂ ಇಲ್ಲ ಎಂದು ನನ್ನ ಮೈಯೆಲ್ಲ ಕೂಗಿತು. ಈಗ ಬಿಟ್ಟರೆ ಕೊಂಡಿ ನಿಲ್ಲುವುದಿಲ್ಲ, ನಾಗಮಂಗಲಕ್ಕೆ ಫೋನು ಹೋಗುತ್ತದೆ, ಇವಳಿಗೆ ಬೇಕಾದ್ದೂ ಅದೇ. ಅಷ್ಟರಲ್ಲಿ ಸಿಂಧಘಟ್ಟದ ಓಲೆ ನೆನಪಾಯಿತು. ಆವತ್ತೂ ಇದೇ ಮೈ ಹೀಗೇ ಕೂಗಿತ್ತು. ಕೊಳವೆಯಿಂದ ಬಾಯಿ ತೆಗೆದೆ.

ಆರಿದ ಮೇಲೆ ಚಿಮಟದಲ್ಲಿ ಹಿಡಿದು ಕೊಂಡಿ ಎಳೆದೆ. ಅಲ್ಲಾಡಲಿಲ್ಲ. ಕನ್ನಡಕ ಏರಿಸಿ ನೋಡಿದೆ. ಬೆಸುಗೆ ಸುತ್ತಲೂ ಹರಿದು ಕೂತಿತ್ತು, ನಮ್ಮಪ್ಪ ಮಾಡಿದ್ದಕ್ಕಿಂತ ಒಂದು ಕೂದಲೂ ಕಡಿಮೆಯಿಲ್ಲ.

“ಎಲ್ಲೇ ಕಲ್ತೆ ಇದ್ನ?”

“ಕಲಿಯೋದೇನು? ಮದ್ವೆ ಆಗಿ ಬಂದಾಗಿಂದ ಪರದೆ ಆಚೆ ನಿಮ್ ಊದೋ ಸದ್ದು ಕೇಳ್ತಾನೇ ಇವ್ನಿ. ನೀವು ನೆಟ್ಟಗಿದ್ದಾಗ ಏಸೊತ್ತು ಊದ್ತಿದ್ರೋ, ಅಷ್ಟಕ್ಕೇ ಸಾಕು ಅಂದೆ.”

ನನ್ನ ಕಣ್ಣು ತುಂಬಿ ಬಂತು. ಮುಚ್ಚಿಡುವುದಕ್ಕೂ ಹೋಗಲಿಲ್ಲ.

“ಅಂಗಾರೆ ನಿಮ್ಮಣ್ಣನ ಮಾತು ಯಾಕೆತ್ತಿದ್ದೆ?”

“ನಿಮ್ ಕೈಲಿ ಕರಗೋದ್ರೆ ನೀವು ಬದುಕ್ತಿದ್ರಾ? ಅದ್ಕೇ” ಅಂದವಳೇ ಒಲೆಯ ಮೇಲೆ ಎಸರಿಟ್ಟದ್ದು ನೆನಪಾಗಿ ಎದ್ದು ಹೋದಳು.

ತಾಳಿಯನ್ನು ಮಗಳ ಕೈಗೆ ಕೊಟ್ಟೆ. ಆಮೇಲೆ ಸ್ಟೂಲು ಎಳೆದು ಹತ್ತಿ, ಗಡಿಯಾರದ ಅಂಚಿನ ಕಾವಿಯನ್ನು ಪಂಚೆಯ ತುದಿಯಿಂದ ಒರೆಸಿದೆ.